ಬಲಗಡೆ ಗಾಲಿ ಉದುರದ ಹಾಗೆ: ಡ್ರಿಲ್ ಮೋಟಾರಿಗೆ ಗಾಲಿ ಕೂಡಿಸುವ ಬಗೆ

"ಕಾಕಾ, ಪ್ರತಿ ಸಲ ಬಲಗಡೆ ಗಾಲಿನೇ ಯಾಕ ಬಿಚ್ಚಿ ಬೀಳ್ತದ?"

ಅಣ್ಣನ ಮಗಳು ಹೀಗೆ ಕೇಳುತ್ತಲೇ ಅಂಗಡಿಯೊಳಗೆ ಬಂದಳು. ಮಧ್ಯಾಹ್ನ ಎರಡು ಗಂಟೆ, ನಾನಿನ್ನೂ ರೊಟ್ಟಿ ಗಂಟು ಬಿಚ್ಚುತ್ತಿದ್ದೆ. ಅವಳ ಹಿಂದೆ ಮೂವರು ಗೆಳೆಯರು. ಅವರ ಕೈಯಲ್ಲಿ ಕಬ್ಬಿಣದ ತಗ್ಗು ಪೆಟ್ಟಿಗೆಯಂಥ ಒಂದು ಯಂತ್ರ. ಹೈದರಾಬಾದಿನ ಒಂದು ಕಾಲೇಜು ಹಬ್ಬದಲ್ಲಿ ರೋಬೋಟ್ ಕಾಳಗಕ್ಕೆ ಹೋಗಿ ಬಂದಿದ್ದರು. ಈ ಹಬ್ಬಗಳಲ್ಲಿ 8, 15, 30, 60 ಕೆಜಿ ಹೀಗೆ ತೂಕದ ವರ್ಗಗಳಿರುತ್ತವೆ. ಇವರದು 15 ಕೆಜಿ. ಎರಡು ಪಂದ್ಯ ಆಡಿದರು, ಎರಡರಲ್ಲೂ ಬಲಗಡೆ ಗಾಲಿ ಕಳಚಿ ಉರುಳಿ ಹೋಯಿತು. ಎದುರಿನವರ ಬ್ಲೇಡ್ ಅದಕ್ಕೆ ತಾಗಿರಲೇ ಇಲ್ಲ.

ನನ್ನದು ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಅಂಗಡಿ. ಸುತ್ತಲೂ ತೊಗರಿ ಬೇಳೆ ಮಿಲ್ಲುಗಳು. 22 ವರ್ಷದಿಂದ ಆ ಮಿಲ್ಲುಗಳಿಗೆ ಶಾಫ್ಟ್, ಪುಲ್ಲಿ, ಬುಷ್ ಕಡೆದುಕೊಡುತ್ತಿದ್ದೇನೆ. ರೋಬೋಟ್ ನನಗೆ ಹೊಸದು. ತಿರುಗುವ ಶಾಫ್ಟಿನ ಮೇಲೆ ಗಾಲಿ ನಿಲ್ಲಿಸುವುದು ಹೊಸದಲ್ಲ. ಅವತ್ತಿನಿಂದ ಇಲ್ಲಿವರೆಗೆ ಈ ಹುಡುಗರಿಗೂ, ಬೀದರಿನಿಂದ ಬಂದ ಇನ್ನೊಂದು ತಂಡಕ್ಕೂ ಸೇರಿ ಹನ್ನೊಂದು ಹಬ್ (ಗಾಲಿಯನ್ನು ಶಾಫ್ಟಿಗೆ ಕೂಡಿಸುವ ನಡುವಿನ ತುಂಡು) ಮಾಡಿಕೊಟ್ಟಿದ್ದೇನೆ. ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವಳ ಪ್ರಶ್ನೆಗೆ ಉತ್ತರ. ಇವರ ರೋಬೋಟಿನ ಗಾಲಿ ತಿರುಗಿಸುವುದು ಬ್ಯಾಟರಿ ಡ್ರಿಲ್ಲಿನಿಂದ ತೆಗೆದ ಮೋಟಾರ್.

ಡ್ರಿಲ್ಲಿನ ಮುಂದೆ ಚಕ್ (ಬಿಟ್ಟನ್ನು ಹಲ್ಲುಗಳಿಂದ ಕಚ್ಚಿ ಹಿಡಿಯುವ ಮೂತಿ) ಕೂರುವ ದಂಡ ಇದೆಯಲ್ಲ, ಅದು ಸ್ಪಿಂಡಲ್. ಅದರ ಹೊರಗೆ ಮಾಮೂಲಿ ಬಲ ಥ್ರೆಡ್ ಇರುತ್ತದೆ, ಅಂದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿಯಾಗುವ ತಿರುಪಿನ ಸುತ್ತು. ಚಕ್ ಅದರ ಮೇಲೆ ತಿರುಗಿಸಿ ಕೂಡಿಸಿದ್ದು. ತೂತು ಕೊರೆಯುವಾಗ ಸ್ಪಿಂಡಲ್ ತಿರುಗುವ ದಿಕ್ಕಿಗೆ ಚಕ್ ಇನ್ನೂ ಬಿಗಿಯಾಗುತ್ತದೆ. ರಿವರ್ಸ್ ಹಾಕಿದಾಗ ಬಿಚ್ಚಿಕೊಳ್ಳಲು ನೋಡುತ್ತದೆ. ಈಗ ರೋಬೋಟಿಗೆ ಬನ್ನಿ. ಎರಡು ಡ್ರಿಲ್ ಮೋಟಾರ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಮಲಗಿಸುತ್ತೀರಿ. ಒಂದರ ಮುಖ ಎಡಕ್ಕೆ, ಇನ್ನೊಂದರ ಮುಖ ಬಲಕ್ಕೆ. ಒಂದು ಸೈಕಲ್ ಮುಂದೆ ಹೋಗುವಾಗ ಅದರ ಗಾಲಿಯನ್ನು ಎಡಗಡೆಯಿಂದ ನೋಡಿ, ಗಡಿಯಾರದ ಮುಳ್ಳಿಗೆ ಎದುರು ತಿರುಗುತ್ತದೆ. ಅದೇ ಗಾಲಿಯನ್ನು ಬಲಗಡೆಯಿಂದ ನೋಡಿ, ಮುಳ್ಳಿನಂತೆಯೇ ತಿರುಗುತ್ತದೆ. ಡ್ರಿಲ್ಲಿನ ಮುಖಕ್ಕೆ ಎದುರು ನಿಂತು ನೋಡಿದರೆ ತೂತು ಕೊರೆಯುವಾಗ ಚಕ್ ಮುಳ್ಳಿಗೆ ಎದುರು ತಿರುಗುತ್ತದೆ. ಹಾಗೆಯೇ ರೋಬೋಟ್ ಮುಂದೆ ಓಡುವಾಗ ಎಡಗಡೆ ಡ್ರಿಲ್ ತೂತು ಕೊರೆಯುವ ದಿಕ್ಕಿಗೆ ತಿರುಗುತ್ತದೆ, ಬಲಗಡೆ ಡ್ರಿಲ್ ರಿವರ್ಸ್ ದಿಕ್ಕಿಗೆ. ಎದುರಾಳಿಯನ್ನು ಜೋರಾಗಿ ತಳ್ಳಿದಷ್ಟೂ ಬಲಗಡೆ ಗಾಲಿ ತನ್ನ ಥ್ರೆಡ್ಡಿನಿಂದ ತಾನೇ ಬಿಚ್ಚಿಕೊಳ್ಳುತ್ತದೆ. ರೋಬೋಟ್ ಹಿಂದೆ ಬಂದಾಗ ಎಡಗಡೆಯದಕ್ಕೆ ಅದೇ ಗತಿ. ಆದರೆ ಪಂದ್ಯದಲ್ಲಿ ಮುಂದೆ ನುಗ್ಗುವುದೇ ಜಾಸ್ತಿ, ಅಲ್ವಾ? ಅದಕ್ಕೇ ಬಲಗಡೆಯದು ಮೊದಲು ಬೀಳುತ್ತದೆ.

ಡ್ರಿಲ್ ಮಾಡಿದವರು ಇದಕ್ಕೆ ಉಪಾಯ ಮಾಡಿಯೇ ಇರುತ್ತಾರೆ. ಚಕ್ಕಿನ ಹಲ್ಲುಗಳನ್ನು ಪೂರ್ತಿ ತೆರೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಒಂದು ತಿರುಪು ಕಾಣುತ್ತದೆ. ಅದು ಎಡ ಥ್ರೆಡ್ಡಿನದು. ಚಕ್ ಬಿಚ್ಚಿಕೊಳ್ಳಲು ಹೊರಟರೆ ತನ್ನ ಜೊತೆ ಈ ತಿರುಪಿನ ತಲೆಯನ್ನೂ ತಿರುಗಿಸಿಕೊಂಡು ಹೋಗುತ್ತದೆ. ತಿರುಪು ಎಡ ಥ್ರೆಡ್ಡಿನದಾದ್ದರಿಂದ ಆ ಕಡೆ ತಿರುಗಿದಷ್ಟೂ ಬಿಗಿಯಾಗುತ್ತದೆ. ಬಂಡಿ ಗಾಲಿಗೆ ಕಡೆಗೀಲು ಇದ್ದ ಹಾಗೆ ಇದು.

"ನಿಮ್ಮ ಡ್ರಿಲ್ಲಿನಾಗಿನ ಆ ತಿರುಪು ಎಲ್ಲದ?" ಅಂತ ಕೇಳಿದೆ. "ಅದು ಬ್ಯಾಡ ಅಂತ ತೆಗದು ಒಗದೀವ್ರಿ ಕಾಕಾ" ಅಂದ ಒಬ್ಬ ಹುಡುಗ. ಕಡೆಗೀಲು ಒಗೆದು ಬಂಡಿ ಹೂಡಿದ್ದರು. ಆ ತಿರುಪನ್ನು ಉಳಿಸಿಕೊಂಡು ಗಾಲಿ ಕೂಡಿಸುವುದು ಹೇಗೆ, ಮುಂದೆ ಹೇಳುವುದೆಲ್ಲ ಅದರ ಸುತ್ತಲೇ ಇದೆ.

ಡ್ರಿಲ್ ಆರಿಸುವುದು

ಡ್ರಿಲ್ಲನ್ನೇ ಯಾಕೆ ಹಿಡಿಯುತ್ತಾರೆ ಅಂದರೆ ಒಂದೇ ತುಂಡಿನಲ್ಲಿ ಮೋಟಾರ್, ಅದರ ಮುಂದೆ ವೇಗ ಇಳಿಸಿ ಬಲ ಹೆಚ್ಚಿಸುವ ಗಟ್ಟಿಯಾದ ಪ್ಲಾನೆಟರಿ ಗೇರ್‌ಬಾಕ್ಸ್, ಎರಡೂ ಕಡಿಮೆ ದುಡ್ಡಿಗೆ ಸಿಗುತ್ತವೆ. ಬ್ಯಾಟರಿ ಹೋದ ಹಳೆಯ ಡ್ರಿಲ್ ಆದರೂ ನಡೆಯುತ್ತದೆ. ನಮ್ಮ ಹುಡುಗರು ಗುಜರಿಯಿಂದ ಒಂದೊಂದಕ್ಕೆ 600 ರೂಪಾಯಿ ಕೊಟ್ಟು ತಂದಿದ್ದರು. ಒಂದೇ ಮಾದರಿಯ ಮೂರು ಕೊಳ್ಳಿ. ಎರಡು ರೋಬೋಟಿಗೆ, ಮೂರನೆಯದು ಬಿಡಿ ಭಾಗಕ್ಕೆ. ಮೂರನೆಯದನ್ನು ದಂಡ ಅಂದುಕೊಳ್ಳಬೇಡಿ. ಎಡ ಥ್ರೆಡ್ ತಿರುಪು ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಅದೊಂದಕ್ಕೇ ಮೂರನೇ ಡ್ರಿಲ್ ಬೇಕು.

ಬ್ರಶ್ (ಒಳಗೆ ಉಜ್ಜುತ್ತ ಕರೆಂಟ್ ಕೊಡುವ ಕಾರ್ಬನ್ ತುಂಡು) ಇರುವ ಮೋಟಾರಿನದನ್ನೇ ತೆಗೆದುಕೊಳ್ಳಿ. ಬ್ರಶ್‌ಲೆಸ್ ಆದರೆ ಬೇರೆ ಬಗೆಯ ಕಂಟ್ರೋಲರ್ ಬೇಕಾಗುತ್ತದೆ. ಕೊಳ್ಳುವ ಮೊದಲು ಮೂರು ಪರೀಕ್ಷೆ ಮಾಡಿ. ಚಕ್ಕಿನೊಳಗೆ ತಿರುಪು ಇದೆಯಾ ಅಂತ ನೋಡಿ. ಕೆಲವು ಅಗ್ಗದ ಡ್ರಿಲ್‌ಗಳಲ್ಲಿ ಅದು ಇರುವುದೇ ಇಲ್ಲ, ಅಂಥದ್ದನ್ನು ಅಲ್ಲೇ ಬಿಡಿ. ಚಕ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತುಸು ಆಟ ಎಲ್ಲದರಲ್ಲೂ ಇರುತ್ತದೆ, ಕಟಕಟ ಅಂದರೆ ಸ್ಪಿಂಡಲ್ಲಿಗೆ ಆಸರೆಯಾದ ಮುಂದಿನ ಬುಷ್ (ಕೊಳವೆಯಂಥ ತುಂಡು) ಸವೆದಿದೆ ಅಂತ ಅರ್ಥ. ಮೂರನೆಯದು, ಮುಂದಕ್ಕೂ ಹಿಂದಕ್ಕೂ ಓಡಿಸಿ ಸದ್ದು ಕೇಳಿ. ಕೆಲವು ಡ್ರಿಲ್ ಮೋಟಾರ್‌ಗಳು ಕೊರೆಯುವ ದಿಕ್ಕಿಗೆ ಜಾಸ್ತಿ ವೇಗವಾಗಿ, ರಿವರ್ಸ್‌ಗೆ ತುಸು ನಿಧಾನವಾಗಿ ತಿರುಗುವಂತೆ ಬ್ರಶ್ ಕೂಡಿಸಿರುತ್ತಾರೆ. ಅಂಥ ಎರಡನ್ನು ಎದುರುಬದುರು ಹಾಕಿದರೆ ರೋಬೋಟ್ ನೆಟ್ಟಗೆ ಹೋಗದೆ ಒಂದು ಕಡೆ ಎಳೆಯುತ್ತದೆ.

ಚಕ್ ಬಿಚ್ಚುವುದು

ಬ್ಯಾಟರಿ ತೆಗೆದು ಪಕ್ಕಕ್ಕಿಡಿ, ಆಮೇಲೆ ಕೈ ಹಚ್ಚಿ. ಎರಡು ಸ್ಪೀಡ್ ಇರುವ ಡ್ರಿಲ್ ಆದರೆ ನಿಧಾನದ ಗೇರಿಗೆ ಹಾಕಿ.

ಒಳಗಿನ ತಿರುಪು ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನು ಮರೆತು ರೂಢಿಯಂತೆ ಎಡಕ್ಕೆ ತಿರುಗಿಸಿ ತಿರುಪಿನ ತಲೆ ಹಾಳು ಮಾಡಿದವರನ್ನು ಕಂಡಿದ್ದೇನೆ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಿಡಿಯಿರಿ. ಬರದಿದ್ದರೆ ಬಲ ಹಾಕಬೇಡಿ. ಬಹಳ ಡ್ರಿಲ್‌ಗಳಲ್ಲಿ ಇದಕ್ಕೆ ಥ್ರೆಡ್ ಅಂಟು ಹಾಕಿರುತ್ತಾರೆ. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ಕಾಯಿಸಿ ತಿರುಪಿನ ತಲೆಯ ಮೇಲೆ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಅಂಟು ಮೆತ್ತಗಾಗುತ್ತದೆ, ತಿರುಪು ಸಲೀಸಾಗಿ ಬರುತ್ತದೆ.

ಆಮೇಲೆ ಚಕ್. ಇರುವುದರಲ್ಲಿ ದೊಡ್ಡ ಅಲೆನ್ ಕೀಯ ಉದ್ದ ಕಾಲನ್ನು ಚಕ್ಕಿನಲ್ಲಿ ಬಿಗಿಮಾಡಿ. ಗಿಡ್ಡ ಕಾಲು ಮೇಜಿನ ಅಂಚಿನಿಂದ ಹೊರಗೆ ಚಾಚಿಕೊಂಡಿರಲಿ. ಚಕ್ಕಿನ ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗುವಂತೆ ಆ ಕಾಲಿಗೆ ಸುತ್ತಿಗೆಯಿಂದ ಒಂದು ಗಟ್ಟಿ ಪೆಟ್ಟು ಕೊಡಿ. ಮೆಲ್ಲಗೆ ಹತ್ತು ಸಲ ಬಡಿಯುವುದಕ್ಕಿಂತ ಒಂದೇ ಚುರುಕು ಪೆಟ್ಟು ಒಳ್ಳೆಯದು. ತಿರುಪನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ.

ಚಕ್ಕಿಗೇ ಒಂದು ಬೋಲ್ಟ್ ಕಚ್ಚಿಸಿ ಅದರ ಮೇಲೆ ಗಾಲಿ ಹಾಕಿದರೆ ಆಗದಾ ಅಂತ ಬೀದರಿನ ಹುಡುಗರು ಕೇಳಿದ್ದರು. ಆಗುವುದಿಲ್ಲ. ಚಕ್ ಸುಮ್ನೆ ತೂಕ, ಗಾಲಿಯನ್ನು ಬುಷ್‌ನಿಂದ ದೂರ ತಳ್ಳುತ್ತದೆ, ಮೂರು ಹಲ್ಲು ಹಿಡಿದ ಬೋಲ್ಟ್ ಪೆಟ್ಟಿಗೆ ಜಾರುತ್ತದೆ.

ಕ್ಲಚ್ ಕಟ್ಟಿಹಾಕುವುದು

ಡ್ರಿಲ್ಲಿನ ಕುತ್ತಿಗೆಯಲ್ಲಿ ಅಂಕಿ ಬರೆದ ಬಳೆ ಇರುತ್ತದೆ. ಅದರ ಕೆಳಗೆ ಸ್ಪ್ರಿಂಗ್, ಸ್ಪ್ರಿಂಗಿನ ಕೆಳಗೆ ಚಿಕ್ಕ ಉಕ್ಕಿನ ಗುಂಡುಗಳು. ಆ ಗುಂಡುಗಳು ಗೇರ್‌ಬಾಕ್ಸಿನ ಒಳಗಿನ ರಿಂಗ್ ಗೇರಿನ ಉಬ್ಬುಗಳನ್ನು ಒತ್ತಿ ಹಿಡಿದಿರುತ್ತವೆ. ಭಾರ ಜಾಸ್ತಿಯಾದರೆ ಗುಂಡು ಉಬ್ಬು ಹತ್ತಿ ಇಳಿಯುತ್ತದೆ, ಟರಟರ ಸದ್ದು ಬರುತ್ತದೆ, ಸ್ಪಿಂಡಲ್ ನಿಲ್ಲುತ್ತದೆ. ಮನೆ ಕೆಲಸಕ್ಕೆ ಅದು ಒಳ್ಳೆಯದು. ಕಾಳಗದಲ್ಲಿ ತಳ್ಳುವ ಹೊತ್ತಿಗೇ ಕೈ ಕೊಡುತ್ತದೆ.

ಬಳೆಯನ್ನು ಡ್ರಿಲ್ ಗುರುತಿನ ಮೇಲೆ ಇಟ್ಟು ಅಂಟು ಹಾಕಿದರೂ ಕೆಲವರಿಗೆ ನಡೆದಿದೆ. ನಾನು ಬಳೆ, ಸ್ಪ್ರಿಂಗ್ ಎರಡನ್ನೂ ತೆಗೆದೇ ಬಿಡುತ್ತೇನೆ. ಗುಂಡು ಕೂರುವ ತೂತುಗಳಲ್ಲಿ ತುದಿ ಚಪ್ಪಟೆ ಮಾಡಿದ ಬೋಲ್ಟ್‌ಗಳನ್ನು ಇಳಿಸುತ್ತೇನೆ. ಅವುಗಳ ತುದಿ ಉಬ್ಬುಗಳ ನಡುವೆ ಕೂತರೆ ರಿಂಗ್ ಗೇರ್ ಅಲುಗುವುದಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಜಾಸ್ತಿ ಒತ್ತಿದರೆ ರಿಂಗ್ ಗೇರ್ ವಾರೆಯಾಗಿ ಒಳಗಿನ ಚಿಕ್ಕ ಗೇರ್‌ಗಳು ಹಿಡಿಯುತ್ತವೆ. ಎದುರುಬದುರಿನ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಒಂದೊಂದು ಸುತ್ತಿಗೂ ಗೇರ್‌ಬಾಕ್ಸನ್ನು ಕೈಯಿಂದ ತಿರುಗಿಸಿ ನೋಡಿ. ಭಾರ ಅನಿಸಿದ ಕೂಡಲೇ ಕಾಲು ಸುತ್ತು ಹಿಂದಕ್ಕೆ ಬನ್ನಿ.

ಕ್ಲಚ್ ಇಲ್ಲದಿದ್ದರೆ ಗೇರ್ ಮುರಿಯುವುದಿಲ್ಲವಾ ಅಂತ ಅಣ್ಣನ ಮಗಳು ಕೇಳಿದಳು. ಕೂತು ಲೆಕ್ಕ ಹಾಕಿದೆವು. 15 ಕೆಜಿ ರೋಬೋಟಿನಲ್ಲಿ ಎರಡು ಗಾಲಿಗಳ ಮೇಲೆ 12 ಕೆಜಿ ಕೂರುತ್ತದೆ ಅನ್ನಿ, ಒಂದಕ್ಕೆ 6. ರಬ್ಬರ್ ಮತ್ತು ಕಬ್ಬಿಣದ ನೆಲದ ನಡುವಿನ ಹಿಡಿತ 0.7 ಅಂತ ಹಿಡಿದರೆ ಗಾಲಿ ಸುಮಾರು 41 ನ್ಯೂಟನ್ ಬಲದಲ್ಲಿ ನೆಲ ಹಿಡಿಯುತ್ತದೆ. 100 ಮಿಮೀ ಗಾಲಿಯ ಅರ್ಧ 5 ಸೆಂಮೀ. ಗುಣಿಸಿದರೆ 2 ನ್ಯೂಟನ್ ಮೀಟರ್ ಬರುತ್ತದೆ. ನಮ್ಮ ಡ್ರಿಲ್ಲಿನ ಡಬ್ಬಿಯ ಮೇಲೆ 25 ನ್ಯೂಟನ್ ಮೀಟರ್ ಅಂತ ಬರೆದಿತ್ತು. ಅಂದರೆ ಮೋಟಾರ್ ನಿಂತು ಹೋಗುವ ಎಷ್ಟೋ ಮೊದಲೇ ಗಾಲಿ ನೆಲದ ಮೇಲೆ ಜಾರುತ್ತದೆ. ಜಾರುವ ಗಾಲಿಯೇ ಇಲ್ಲಿ ಕ್ಲಚ್. ಈ ಲೆಕ್ಕದ ಇನ್ನೊಂದು ಮುಖ ಇದು: ಗಾಲಿ ಎರಡು ಪಟ್ಟು ದೊಡ್ಡದು ಮಾಡಿದರೆ ಮೋಟಾರಿನ ಮೇಲಿನ ಭಾರವೂ ಎರಡು ಪಟ್ಟು ಆಗುತ್ತದೆ. ದೊಡ್ಡ ಗಾಲಿಯ ಆಸೆಗೆ ಬಿದ್ದು ಮೋಟಾರ್ ಸುಡಬೇಡಿ.

ಥ್ರೆಡ್ ಯಾವುದು ಅಂತ ಮೊದಲು ಖಾತ್ರಿ ಮಾಡಿ

ಇಲ್ಲಿ ನಾನು ಎರಡು ಹಬ್ ಕಳೆದುಕೊಂಡಿದ್ದೇನೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

10 ಮಿಮೀ ಚಕ್ಕಿನ ಡ್ರಿಲ್‌ಗಳಲ್ಲಿ ಸಾಮಾನ್ಯವಾಗಿ 3/8 ಇಂಚು, ಇಂಚಿಗೆ 24 ಥ್ರೆಡ್ ಇರುತ್ತದೆ. 13 ಮಿಮೀ ಚಕ್ಕಿನದರಲ್ಲಿ 1/2 ಇಂಚು, ಇಂಚಿಗೆ 20 ಥ್ರೆಡ್. ಎರಡೂ ಯುಎನ್‌ಎಫ್ ಅನ್ನುವ ಅಮೆರಿಕನ್ ಸಣ್ಣ ಥ್ರೆಡ್ಡಿನ ಜಾತಿಯವು. ಚಕ್ಕಿನ ಮೈ ಮೇಲೆ 3/8-24 ಅಥವಾ 1/2-20 ಅಂತ ಕೊರೆದಿರುವುದೂ ಉಂಟು. ವರ್ನಿಯರ್ ಹಿಡಿದರೆ 3/8 ಅನ್ನುವುದು 9.5 ಮಿಮೀ ಹತ್ತಿರ ಬರುತ್ತದೆ. 10 ಅಂದುಕೊಂಡು ಎಂ10, ಅಂದರೆ 10 ಮಿಮೀ ಅಳತೆಯ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಎತ್ತಿಕೊಳ್ಳುವವರೇ ಜಾಸ್ತಿ. 1/2 ಇಂಚು 12.7 ಮಿಮೀ. ಅದನ್ನು ಎಂ12 ಅಂದುಕೊಳ್ಳುತ್ತಾರೆ.

ನಾನು 3/8 ಟ್ಯಾಪ್ ಬೇಕು ಅಂತ ಒಂದು ಹಾರ್ಡ್‌ವೇರ್ ಅಂಗಡಿಗೆ ಹುಡುಗನನ್ನು ಕಳಿಸಿದ್ದೆ. ಅವರು ಕೊಟ್ಟದ್ದು ಬಿಎಸ್‌ಎಫ್ ಅನ್ನುವ ಬ್ರಿಟಿಷ್ ಜಾತಿ, ಇಂಚಿಗೆ 20 ಥ್ರೆಡ್ಡಿನದು. ನೋಡದೆ ಹಾಕಿಬಿಟ್ಟೆ. ಹಬ್ ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಕಚ್ಚಿತು. ಎರಡು ಹಬ್ ಹೋದವು, ಒಂದು ಸ್ಪಿಂಡಲ್ಲಿನ ಮೊದಲ ಥ್ರೆಡ್ ಕೂಡ ಗಾಯವಾಯಿತು. ಅವತ್ತಿನಿಂದ ಥ್ರೆಡ್ ಗೇಜ್ (ಥ್ರೆಡ್ ಅಳೆಯುವ ಹಲ್ಲಿನ ಪಟ್ಟಿ) ಸ್ಪಿಂಡಲ್ಲಿನ ಮೇಲೆ ಇಟ್ಟು ಬೆಳಕಿಗೆ ಹಿಡಿದು ನೋಡದೆ ಟ್ಯಾಪ್ ಮುಟ್ಟುವುದಿಲ್ಲ. ಗೇಜಿನ ಹಲ್ಲು ಮತ್ತು ಥ್ರೆಡ್ ನಡುವೆ ಬೆಳಕು ಕಾಣಬಾರದು. ಗೇಜ್ ಇಲ್ಲದಿದ್ದರೆ ಬಿಚ್ಚಿದ ಚಕ್ಕನ್ನೇ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಟ್ಯಾಪನ್ನು ಚಕ್ಕಿನ ಹಿಂದಿನ ತೂತಿನಲ್ಲಿ ಕೈಯಿಂದ ತಿರುಗಿಸಿ, ಪೂರ್ತಿ ಹಗುರಾಗಿ ಹೋದರೆ ಅದೇ ಸರಿ.

ಟ್ಯಾಪಿಗೆ ಮೊದಲು ಕೊರೆಯುವ ತೂತು 3/8-24ಕ್ಕೆ 8.5 ಮಿಮೀ, 1/2-20ಕ್ಕೆ 11.5 ಮಿಮೀ.

ಹಬ್ ಕಡೆಯುವುದು

ನಾನು ಇಎನ್8 ಅನ್ನುವ ಉಕ್ಕಿನ ರೌಂಡ್ (ದುಂಡು ಸರಳು) ಬಳಸುತ್ತೇನೆ, 40 ಮಿಮೀ ವ್ಯಾಸದ್ದು. ಅಲ್ಯೂಮಿನಿಯಂ ಹಗುರ ನಿಜ. ಆದರೆ ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಥ್ರೆಡ್ ಸವೆಯುತ್ತದೆ, ಉಕ್ಕಿನ ಸ್ಪಿಂಡಲ್ ಅದನ್ನು ತಿಂದು ಹಾಕುತ್ತದೆ. ತೂಕ ಉಳಿಸಬೇಕಾದರೆ ಗಾಲಿಯಲ್ಲಿ ಉಳಿಸಿ, ಹಬ್ಬಿನಲ್ಲಿ ಬೇಡ.

ಮುಖ್ಯ ನಿಯಮ: ಮುಖ ಸಾಪು ಮಾಡುವುದು, ತೂತು ಕೊರೆಯುವುದು, ಟ್ಯಾಪ್ ಹಾಕುವುದು, ಗಾಲಿ ಕೂರುವ ಮೆಟ್ಟಿಲು ಕಡೆಯುವುದು, ನಾಲ್ಕೂ ಒಂದೇ ಹಿಡಿತದಲ್ಲಿ ಆಗಬೇಕು. ಜಾಬನ್ನು ನಡುವೆ ಬಿಚ್ಚಿ ತಿರುಗಿಸಿ ಹಿಡಿದರೆ ಥ್ರೆಡ್ ಒಂದು ಕಡೆ, ಗಾಲಿ ಒಂದು ಕಡೆ ಆಗಿ ಗಾಲಿ ಔಟ್ ಹೊಡೆಯುತ್ತದೆ, ಅಂದರೆ ತಿರುಗುವಾಗ ಓಲಾಡುತ್ತದೆ. ಟ್ಯಾಪ್ ಹಾಕುವಾಗ ಲೇತಿನ ಮೋಟಾರ್ ಬಂದ್ ಇರಲಿ. ಟ್ಯಾಪಿನ ಹಿಂಬದಿಗೆ ಟೇಲ್‌ಸ್ಟಾಕ್ ಸೆಂಟರ್ (ಲೇತಿನ ಎದುರು ತುದಿಯ ಚೂಪು ಆಸರೆ) ಆನಿಸಿ ನೆಟ್ಟಗೆ ಹಿಡಿಯಿರಿ, ಎಣ್ಣೆ ಬಿಡಿ, ಲೇತಿನ ಚಕ್ಕನ್ನು ಕೈಯಿಂದ ತಿರುಗಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಇನ್ನೊಂದು ಮಾತು, ಲೇತಿನ ಹತ್ತಿರ ಕೈಗವಸು ಹಾಕಬೇಡಿ. ಉದ್ದ ತೋಳಿನ ಅಂಗಿ, ಓಢಣಿ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಇರಲಿ.

ಅಳತೆಯಲ್ಲಿ ಎರಡು ಕಡೆ ಕಣ್ಣಿಡಬೇಕು. ಸ್ಪಿಂಡಲ್ಲಿನ ಥ್ರೆಡ್ ಮುಗಿಯುವ ಕಡೆ ಒಂದು ದಪ್ಪ ಹೆಗಲು ಇರುತ್ತದೆ. ಹಬ್ ಆ ಹೆಗಲಿಗೆ ಪೂರ್ತಿ ಒತ್ತಿ ಕೂರಬೇಕು. ಥ್ರೆಡ್ಡಿನ ಕೊನೆಯ ಅರೆಬರೆ ಸುತ್ತು ಅಡ್ಡ ಬಂದರೆ ಹಬ್ ಹೆಗಲಿಗೆ ತಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಿಗಿಯಾದಂತೆ ಅನಿಸುತ್ತದೆ, ಪೆಟ್ಟು ಬಿದ್ದಾಗ ಅಲುಗುತ್ತದೆ. ಅದಕ್ಕೆ ಹಬ್ಬಿನ ಬಾಯಿಯಲ್ಲಿ 2 ಮಿಮೀ ಆಳಕ್ಕೆ ಥ್ರೆಡ್ಡಿಗಿಂತ ಅಗಲವಾದ ಬಿಡುವು ಕೊಡಿ. ಎರಡನೆಯದು ಹೊರಗಿನ ತುದಿ. ಹಬ್ ಕೂತ ಮೇಲೆ ಸ್ಪಿಂಡಲ್ಲಿನ ತುದಿ ಹಬ್ಬಿನ ಮುಖಕ್ಕಿಂತ ಸುಮಾರು 1 ಮಿಮೀ ಒಳಗೇ ನಿಲ್ಲಬೇಕು. ಅದರ ಮೇಲೆ 4 ಮಿಮೀ ದಪ್ಪದ, ನಾವೇ ಕಡೆದ ಉಕ್ಕಿನ ವಾಷರ್ ಇಟ್ಟು ಎಡ ಥ್ರೆಡ್ ತಿರುಪು ಬಿಗಿಯಬೇಕು. ಆಗ ತಿರುಪು ವಾಷರನ್ನು, ವಾಷರ್ ಹಬ್ಬನ್ನು ಹೆಗಲಿಗೆ ಒತ್ತುತ್ತದೆ. ಸ್ಪಿಂಡಲ್ ತುದಿ ಹೊರಗೆ ಇಣುಕಿದರೆ ವಾಷರ್ ಅದರ ಮೇಲೆಯೇ ಕೂರುತ್ತದೆ, ಹಬ್ ಸಡಿಲಾಗೇ ಉಳಿಯುತ್ತದೆ, ತಿರುಪು ಇದ್ದೂ ಇಲ್ಲದಂತೆ. ನಮ್ಮ ಡ್ರಿಲ್ಲಿನಲ್ಲಿ ಹೆಗಲಿನಿಂದ ತುದಿಗೆ 16 ಮಿಮೀ, ಹಬ್ಬಿನ ಉದ್ದ 17 ಇಟ್ಟೆ. ನಿಮ್ಮದನ್ನು ನೀವೇ ಅಳೆಯಿರಿ. ತಿರುಪು ಎಂ5 ಅಥವಾ ಎಂ6 ಇರುತ್ತದೆ. ವಾಷರ್ ಇಟ್ಟ ಮೇಲೂ ಅದು ಸ್ಪಿಂಡಲ್ಲಿನೊಳಗೆ ಕನಿಷ್ಠ 8 ಮಿಮೀ ಹೋಗುವಂತಿರಲಿ. ಹೋಗದಿದ್ದರೆ ವಾಷರ್ ತೆಳುವು ಮಾಡಿ.

ಲೇತ್ ಕೈಗೆ ಸಿಗದವರು ಅದೇ ಥ್ರೆಡ್ಡಿನ ಉದ್ದ ನಟ್ಟನ್ನು 5 ಮಿಮೀ ಕಬ್ಬಿಣದ ಬಿಲ್ಲೆಗೆ ವೆಲ್ಡ್ ಮಾಡಿಸಬಹುದು. ನಟ್ಟಿನೊಳಗೆ ಒಂದು ಬೋಲ್ಟ್ ತಿರುಗಿಸಿಟ್ಟು ವೆಲ್ಡ್ ಮಾಡಿಸಿ, ಥ್ರೆಡ್ ಸೊಟ್ಟಗಾಗುವುದು ಕಡಿಮೆಯಾಗುತ್ತದೆ. ಎದುರುಬದುರು ನಾಲ್ಕು ಚುಕ್ಕೆ ಹಾಕಿಸಿ, ಆಮೇಲೆ ತುಂಬಿಸಿ. ಹಳೆಯ ಜೀಪಿನ ಗಾಲಿ ನಟ್ 1/2-20 ಇರುತ್ತದೆ, ಗುಜರಿಯಲ್ಲಿ ಸಿಗುತ್ತದೆ. ಗೇಜ್ ಹಿಡಿದೇ ಕೊಳ್ಳಿ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆ ಗಾಲಿಗಳಿಗೆ ಎಡ ಥ್ರೆಡ್ ನಟ್ ಇರುತ್ತಿತ್ತು, ಅದು ಕೈಗೆ ಬಂದರೆ ಕೂರುವುದಿಲ್ಲ. ವೆಲ್ಡ್ ಆದ ಮೇಲೆ ಬಿಲ್ಲೆಯ ಮುಖವನ್ನು ಯಾರ ಹತ್ತಿರವಾದರೂ ಒಂದು ಸಲ ಲೇತಿಗೆ ಹಾಕಿಸಿ, ಐದು ನಿಮಿಷದ ಕೆಲಸ.

ಹಬ್ಬನ್ನು ಸ್ಪಿಂಡಲ್ಲಿಗೇ ವೆಲ್ಡ್ ಮಾಡಬೇಡಿ. ಬಿಸಿಗೆ ಒಳಗಿನ ಬುಷ್ ಹೋಗುತ್ತದೆ, ಮತ್ತೆ ಗಾಲಿ ಬದಲಾಯಿಸಲೂ ಆಗುವುದಿಲ್ಲ. ಪಕ್ಕದಿಂದ ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು) ಹಾಕುವುದೂ ನನಗೆ ಇಷ್ಟವಿಲ್ಲ, ಥ್ರೆಡ್ ಚಪ್ಪಟೆಯಾಗಿ ಹಬ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಅಡ್ಡ ತೂತು ಕೊರೆದು ಪಿನ್ ಹೊಡೆಯುವ ಯೋಚನೆ ಎಲ್ಲರಿಗೂ ಬರುತ್ತದೆ. ಸ್ಪಿಂಡಲ್ ಒಳಗೆ ತಿರುಪಿಗಾಗಿ ಮೊದಲೇ ಟೊಳ್ಳು ಮಾಡಿರುತ್ತಾರೆ. 12.7 ಮಿಮೀ ದಂಡದಲ್ಲಿ 6 ಮಿಮೀ ತೂತು ಹೋದರೆ ಸುತ್ತ ಉಳಿಯುವುದು ಮೂರು ಮಿಮೀ ಚಿಲ್ಲರೆ ಗೋಡೆ. ಅದಕ್ಕೆ ಅಡ್ಡ ಕೊರೆದರೆ ಮುರಿಯುವ ಜಾಗವನ್ನು ನಾವೇ ತೋರಿಸಿಕೊಟ್ಟ ಹಾಗೆ.

ಗಾಲಿ

ನಿಮಿಷಕ್ಕೆ 550 ಸುತ್ತು ತಿರುಗುವ ಡ್ರಿಲ್ಲಿಗೆ 100 ಮಿಮೀ ಗಾಲಿ ಹಾಕಿದರೆ ಗಂಟೆಗೆ 10 ಕಿಮೀ ದಾಟುತ್ತದೆ. ಲೆಕ್ಕ ಸುಲಭ: 3.14ನ್ನು 0.1 ಮೀಟರಿಗೆ ಗುಣಿಸಿ, 550ಕ್ಕೆ ಗುಣಿಸಿ, 60ಕ್ಕೆ ಗುಣಿಸಿ. ಭಾರ ಬಿದ್ದಾಗ ಇದಕ್ಕಿಂತ ಕಡಿಮೆ ಬರುತ್ತದೆ. ಚಿಕ್ಕ ಅಖಾಡದಲ್ಲಿ ಅಷ್ಟು ಸಾಕು.

ನಾನು 90 ಮಿಮೀ ನೈಲಾನ್ ರಾಡಿನಿಂದ 25 ಮಿಮೀ ದಪ್ಪದ ಬಿಲ್ಲೆ ಕತ್ತರಿಸುತ್ತೇನೆ. ಮೇಲೆ ರಬ್ಬರ್ ಬೇಕು. ಅದಕ್ಕೆ ನಮ್ಮ ಊರಲ್ಲಿ ದಾರಿ ಇದೆ. ಬೇಳೆ ಮಿಲ್ಲುಗಳಲ್ಲಿ ತೊಗರಿ ಮೇಲೆತ್ತುವ ಬಕೆಟ್ ಎಲಿವೇಟರಿನ ಬೆಲ್ಟ್ ಹಳೆಯದಾದ ಮೇಲೆ ಕಿತ್ತು ಮೂಲೆಗೆ ಹಾಕಿರುತ್ತಾರೆ. ಕೇಳಿದರೆ ಒಂದು ತುಂಡು ಕೊಡುತ್ತಾರೆ. ರಬ್ಬರಿನ ನಡುವೆ ಬಟ್ಟೆಯ ಪದರ ಇರುವುದರಿಂದ ಬ್ಲೇಡ್ ತಾಗಿದರೂ ಉದ್ದಕ್ಕೆ ಹರಿಯುವುದಿಲ್ಲ. 5 ಮಿಮೀ ದಪ್ಪದ ಪಟ್ಟಿ ಸುತ್ತಿದರೆ ಗಾಲಿ ಸರಿಯಾಗಿ 100 ಆಗುತ್ತದೆ. ಪಟ್ಟಿಯ ಎರಡು ತುದಿಗಳನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿ ಜೋಡಿಸಿ. ನೇರ ಜೋಡಣೆ ಒಂದೇ ಗೆರೆಯಲ್ಲಿ ನೆಲಕ್ಕೆ ಬಡಿದು ಬೇಗ ಏಳುತ್ತದೆ. ರಬ್ಬರ್ ಅಂಟು ಹಾಕಿ, ಮೇಲೆ ತಲೆ ಒಳಗೆ ಮುಳುಗುವ ತಿರುಪು ಎಂಟು ಹತ್ತು ಹೊಡೆಯಿರಿ. ಇದಾವುದೂ ಬೇಡ ಅಂದರೆ 100 ಮಿಮೀ ಪಿಯು (ಪಾಲಿಯುರೆಥೇನ್) ಟ್ರಾಲಿ ಗಾಲಿ ತಂದು ಬೇರಿಂಗ್ ಕಿತ್ತು ಹಬ್ ಕೂಡಿಸಿ, ಅದೂ ನಡೆಯುತ್ತದೆ.

ನೈಲಾನನ್ನು ಹಬ್ಬಿನ ಮೇಲೆ ಬರೀ ಒತ್ತಿ ಕೂಡಿಸಿ ಬಿಡಬೇಡಿ. ನಮ್ಮಲ್ಲಿ ಮೇ ತಿಂಗಳು 42, 43 ಡಿಗ್ರಿ ಸಾಮಾನ್ಯ. ನೈಲಾನ್ ಬಿಸಿಗೆ ಉಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಗ್ಗುತ್ತದೆ. ಬೆಳಿಗ್ಗೆ ಬಿಗಿಯಾಗಿದ್ದ ಗಾಲಿ ಮಧ್ಯಾಹ್ನ ಕೈಯಲ್ಲಿ ತಿರುಗಿದ್ದನ್ನು ನೋಡಿದ್ದೇನೆ. ಹಬ್ಬಿನ ಮೆಟ್ಟಿಲಿಗೆ ಸರಿಯಾಗಿ ಕೂಡಿಸಿ, ನಾಲ್ಕು ಎಂ5 ಬೋಲ್ಟ್, ದೊಡ್ಡ ವಾಷರ್, ತಾನಾಗಿ ಸಡಿಲಾಗದ ನೈಲಾಕ್ ನಟ್ ಹಾಕಿ.

ಗಾಲಿ ಎಲ್ಲಿ ಕೂರಬೇಕು

ಡ್ರಿಲ್ಲಿನ ಮುಂದಿನ ಬುಷ್ ಮಾಡಿದ್ದು ನೆಟ್ಟಗೆ ಒತ್ತುವ ಭಾರಕ್ಕೆ. ಪಕ್ಕದಿಂದ ಬೀಳುವ ಪೆಟ್ಟಿಗಲ್ಲ. ಗಾಲಿ ಹೊರಗೆ ಹೋದಷ್ಟೂ ಆ ಪೆಟ್ಟು ಸನಿಕೆ ಮೀಟಿದಂತೆ ಬುಷ್ಷಿಗೆ ಬರುತ್ತದೆ. ಹಾಗಾಗಿ ಗಾಲಿಯ ಒಳಮುಖವನ್ನು ಬಟ್ಟಲಿನಂತೆ ಕಡೆದು, ಗೇರ್‌ಬಾಕ್ಸಿನ ಮೂತಿ ಅದರೊಳಗೆ ಹೋಗುವಂತೆ ಮಾಡುತ್ತೇನೆ. ಗಾಲಿಯ ನಡುಗೆರೆ ಬುಷ್ಷಿನ ಮೇಲೆಯೇ ಬರುತ್ತದೆ. ಈ ಒಂದು ಕೆಲಸದಿಂದ ಗೇರ್‌ಬಾಕ್ಸ್ ಬಾಳಿಕೆ ಎಷ್ಟೋ ಸುಧಾರಿಸಿತು. ಹೊರಗಡೆಯೂ ಆಸರೆ ಬೇಕು ಅನ್ನುವವರು ಹಬ್ಬಿಗೆ 12 ಮಿಮೀ ಮೊಳೆಯಂಥ ತುದಿ ಬಿಟ್ಟು ಹೊರ ತಗಡಿನಲ್ಲಿ 6001 ಬೇರಿಂಗ್ ಕೂಡಿಸಬಹುದು. ಹಾಗೆ ಮಾಡಿದರೆ ನಡುವಿನ ತಿರುಪನ್ನು ಮುಟ್ಟಲು ಆ ತುದಿಯಲ್ಲೇ ತೂತು ಬಿಡಬೇಕು, ಕೆಲಸ ನಾಜೂಕು. 30 ಕೆಜಿ ಮೇಲಿನ ರೋಬೋಟಿಗೆ ಡ್ರಿಲ್ ಮೇಲೆ ನೇರ ಗಾಲಿ ಬೇಡ. ಗಾಲಿಯನ್ನು ಬೇರೆ ಶಾಫ್ಟಿನ ಮೇಲೆ ಬೇರಿಂಗ್ ಹಾಕಿ ನಿಲ್ಲಿಸಿ, ಡ್ರಿಲ್ಲಿನಿಂದ ಚೈನ್ ಕೊಡಿ.

ಗೇರ್‌ಬಾಕ್ಸನ್ನು ಚಾಸಿಗೆ (ರೋಬೋಟಿನ ಚೌಕಟ್ಟಿಗೆ) ಎರಡು ಕಡೆ ಹಿಡಿಯಿರಿ, ಮೂತಿಯ ಹತ್ತಿರ ಒಂದು ಕ್ಲ್ಯಾಂಪ್, ಮೋಟಾರಿನ ಹತ್ತಿರ ಒಂದು. ಮೂತಿಯ ಹತ್ತಿರದ್ದೇ ಮುಖ್ಯ.

ಕೂಡಿಸುವುದು, ಪರೀಕ್ಷೆ ಮಾಡುವುದು

ಸ್ಪಿಂಡಲ್, ಹಬ್, ತಿರುಪು ಮೂರರ ಥ್ರೆಡ್ಡನ್ನೂ ಥಿನ್ನರ್ ಹಾಕಿ ಒರೆಸಿ. ಟ್ಯಾಪ್ ಹಾಕಿದ ಎಣ್ಣೆ ಉಳಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ನೀಲಿ ಬಣ್ಣದ ಥ್ರೆಡ್ ಅಂಟು ಲಾಕ್‌ಟೈಟ್ 243 ಎರಡು ಹನಿ ಸ್ಪಿಂಡಲ್ಲಿಗೆ, ಒಂದು ಹನಿ ತಿರುಪಿಗೆ. ಕೆಂಪಿನದು ಬೇಡ, ಅದನ್ನು ಬಿಚ್ಚಲು ಕಾಯಿಸಬೇಕು, ಪಕ್ಕದಲ್ಲೇ ನೈಲಾನ್ ಇದೆ. ಹಬ್ಬನ್ನು ಹೆಗಲಿಗೆ ತಾಗುವವರೆಗೆ ತಿರುಗಿಸಿ ಬಿಗಿಮಾಡಿ. ವಾಷರ್ ಇಡಿ. ತಿರುಪನ್ನು ಎಡಕ್ಕೆ ತಿರುಗಿಸಿ ಬಿಗಿಮಾಡಿ, ಮಣಿಕಟ್ಟಿನ ಬಲ ಸಾಕು. ಒಂದು ದಿನ ಒಣಗಲು ಬಿಡಿ. ಪಂದ್ಯದ ಗಡಿಬಿಡಿಯಲ್ಲಿ ಒಂದು ದಿನ ಎಲ್ಲಿಂದ ತರುವುದು? ಅಂಥ ಹೊತ್ತಿನಲ್ಲಿ ಎಡ ಥ್ರೆಡ್ ತಿರುಪೊಂದೇ ಗಾಲಿಯನ್ನು ಹಿಡಿದಿಡುತ್ತದೆ.

ಕೊನೆಗೆ ಗುರುತು ಹಾಕಬೇಕು. ತಿರುಪಿನ ತಲೆ, ವಾಷರ್, ಹಬ್ ಮೂರರ ಮೇಲೂ ಹಾದು ಹೋಗುವ ಒಂದೇ ನೇರ ಗೆರೆ. ಅಣ್ಣನ ಮಗಳು ತನ್ನ ಕೆಂಪು ಉಗುರು ಬಣ್ಣ ಕೊಟ್ಟಳು, ಅದು ಪೇಂಟಿಗಿಂತ ಚೆನ್ನಾಗಿ ನಿಂತಿತು. ತಿರುಪು ಸ್ಪಿಂಡಲ್ ಜೊತೆ ಇರುತ್ತದೆ. ಹಬ್ ಒಂದು ಕೂದಲಷ್ಟು ಸರಿದರೂ ಗೆರೆ ಮುರಿಯುತ್ತದೆ.

ಮೊದಲ ಸಲ ಓಡಿಸುವಾಗ ಆಯುಧದ ಬ್ಲೇಡ್ ಬಿಚ್ಚಿಟ್ಟಿರಿ. ಚಾಸಿಯ ಕೆಳಗೆ ಎರಡು ಇಟ್ಟಿಗೆ ಇಟ್ಟು ಗಾಲಿ ನೆಲ ಬಿಟ್ಟಿರುವಂತೆ ಮಾಡಿ. ಐದು ನಿಮಿಷ ಎರಡೂ ದಿಕ್ಕಿಗೆ ತಿರುಗಿಸಿ, ಗಾಲಿ ಔಟ್ ಹೊಡೆಯುತ್ತದಾ ನೋಡಿ, ಗೇರ್‌ಬಾಕ್ಸ್ ಮುಟ್ಟಿ ಬಿಸಿ ನೋಡಿ. ಆಮೇಲೆ ನೆಲಕ್ಕಿಳಿಸಿ. ನಮ್ಮ ಅಂಗಡಿಯ ನೆಲ ಶಹಾಬಾದ್ ಕಲ್ಲಿನದು, ಸಪಾಟಾಗಿದೆ. ಮೊದಲು ಗುಡಿಸಿ, ಗಾಲಿ ಒದ್ದೆ ಬಟ್ಟೆಯಿಂದ ಒರೆಸಿ. ಧೂಳಿದ್ದರೆ ಗಾಲಿ ಸುಮ್ನೆ ಜಾರುತ್ತದೆ, ಥ್ರೆಡ್ಡಿಗೆ ಭಾರವೇ ಬೀಳುವುದಿಲ್ಲ, ಪರೀಕ್ಷೆ ಆದಂತಾಗುವುದಿಲ್ಲ. ರೋಬೋಟನ್ನು ಗೋಡೆಗೆ ಮುಖ ಮಾಡಿ ಆನಿಸಿ ಪೂರ್ತಿ ಮುಂದೆ, ತಕ್ಷಣ ಪೂರ್ತಿ ಹಿಂದೆ, ಹೀಗೆ 50 ಸಲ. ನಡುನಡುವೆ ಮೋಟಾರ್ ಆರಲು ಬಿಡಿ. ಮೊದಲು ಬಲಗಡೆ ಗೆರೆ ನೋಡಿ, ಆಮೇಲೆ ಎಡಗಡೆಯದು.

ಗೆರೆ ಮುರಿದಿದ್ದರೆ ಮೇಲಿಂದ ಮೇಲೆ ತಿರುಪು ಬಿಗಿದು ಸುಮ್ಮನಾಗಬೇಡಿ. ಪೂರ್ತಿ ಬಿಚ್ಚಿ. ಹಬ್ಬಿನ ಒಳಮುಖದಲ್ಲಿ ಹೆಗಲು ಒತ್ತಿದ ಹೊಳಪಿನ ಉಂಗುರ ಇರಬೇಕು. ಉಂಗುರ ಅರ್ಧವೇ ಇದ್ದರೆ ಥ್ರೆಡ್ ವಾರೆಯಾಗಿದೆ. ಉಂಗುರವೇ ಇಲ್ಲದಿದ್ದರೆ ಬಾಯಿಯ ಬಿಡುವು ಸಾಲದು. ವಾಷರಿನ ಮೇಲೆ ನಡುವೆ ಸ್ಪಿಂಡಲ್ ತುದಿಯ ಗುರುತು ಬಿದ್ದಿದ್ದರೆ ಹಬ್ ಗಿಡ್ಡವಾಗಿದೆ.

ಹುಡುಗರು ಮೊನ್ನೆ ಇನ್ನೊಂದು ಸ್ಪರ್ಧೆಯಲ್ಲಿ ಮೂರು ಪಂದ್ಯ ಆಡಿ ಬಂದರು. ಬಲಗಡೆ ಗಾಲಿಯ ರಬ್ಬರ್ ಅರ್ಧ ಕಿತ್ತು ನೇತಾಡುತ್ತಿತ್ತು. ನೈಲಾನಿನ ಅಂಚಿಗೆ ಬ್ಲೇಡ್ ತಾಗಿ ಹೆಬ್ಬೆರಳು ಕೂರುವಷ್ಟು ತುಂಡು ಹಾರಿಹೋಗಿತ್ತು. ಅಣ್ಣನ ಮಗಳು ಬೆರಳಿನಿಂದ ಧೂಳು ಒರೆಸಿ ನಡುವಿನ ಗೆರೆ ತೋರಿಸಿದಳು. "ನೋಡ್ರಿ ಕಾಕಾ, ಇಟ್ಟಂಗೇ ಅದ." ಎಲಿವೇಟರ್ ಬೆಲ್ಟಿನ ಹೊಸ ಪಟ್ಟಿ ಕತ್ತರಿಸಿ ಇಟ್ಟಿದ್ದೇನೆ, ಭಾನುವಾರ ಬಂದು ಸುತ್ತಿಕೊಂಡು ಹೋಗುತ್ತಾರೆ.